ಸಿಂಬಲ್ ಪ್ಯಾಡಿಗೆ ಯಾವ ಕೇಬಲ್?

ಪುಣೆಯ ಕೋಥ್ರೂಡಿನ ನಮ್ಮ ಫ್ಲ್ಯಾಟಿನಲ್ಲಿ ನಿಜವಾದ ಡ್ರಮ್ ಸೆಟ್ ಇಡುವ ಮಾತೇ ಇಲ್ಲದ ಕಾರಣ ಅಣ್ಣನ ಮಗ ಎಲೆಕ್ಟ್ರಾನಿಕ್ ಕಿಟ್ ತರಿಸಿಕೊಂಡಿದ್ದಾನೆ; ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಲೋಹದ ಸಿಂಬಲ್ ತಟ್ಟೆಯ ಬದಲಿಗೆ ಬಾರಿಸುವ, ಎರಡು ವಲಯಗಳ ಸಿಂಬಲ್ ಪ್ಯಾಡಿನಲ್ಲಿ ಸಾಮಾನ್ಯವಾಗಿ ಮೇಲ್ಮೈಯ ಪೆಟ್ಟನ್ನು ಪೀಜೋ (ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ) ಸೆನ್ಸರ್ ಗ್ರಹಿಸಿದರೆ, ಅಂಚಿನ ಪೆಟ್ಟನ್ನು ರಬ್ಬರಿನ ಕೆಳಗೆ ಅಡಗಿರುವ ಸ್ವಿಚ್ ಪಟ್ಟಿ ತಿಳಿಸುತ್ತದೆ. ಎರಡೂ ಸಂಕೇತಗಳು ಧ್ವನಿ ಹೊರಡಿಸುವ ಘಟಕವಾದ ಮಾಡ್ಯೂಲನ್ನು ತಲುಪಬೇಕಾದರೆ 6.35 ಮಿ.ಮೀ. ಪ್ಲಗ್ಗಿನ ಮೇಲೆ ಎರಡು ಕಪ್ಪು ಗೆರೆಗಳಿರುವ ಸ್ಟೀರಿಯೊ ಕೇಬಲ್ಲೇ ಬೇಕು. ಒಂದೇ ಗೆರೆಯ ಗಿಟಾರ್ ಕೇಬಲ್ ಚುಚ್ಚಿದರೆ ಅಂಚಿನ ಧ್ವನಿಯಾಗಲಿ, ಅಂಚನ್ನು ಬೆರಳಿನಿಂದ ಹಿಡಿದು ನಾದವನ್ನು ತಡೆಯುವ ಚೋಕ್ ಆಗಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಪ್ಯಾಡ್ ಕೆಟ್ಟಿದೆಯೆಂದು ಅಂಗಡಿಗೆ ಓಡುವವರು ಮೊದಲು ಇದನ್ನೇ ನೋಡುವುದು ಒಳ್ಳೆಯದು.

ಲಯ ಹಿಡಿಯಲು ಬಾರಿಸುವ ರೈಡ್ ಸಿಂಬಲ್ಲಿನ ಪ್ಯಾಡಿಗೆ ನಡುವಿನ ಉಬ್ಬಾದ ಬೆಲ್ ಕೂಡ ಸೇರುವುದರಿಂದ ರೋಲ್ಯಾಂಡ್‌ನ ಹಲವು ಮಾದರಿಗಳು ಎರಡು ಕೇಬಲ್ ಕೇಳುತ್ತವೆ, ಯಮಾಹಾದ ಮೂರು ವಲಯದ ಪ್ಯಾಡುಗಳಿಗೆ ಒಂದೇ ಸಾಕು. ಒಂದು ಕಂಪನಿಯ ಪ್ಯಾಡನ್ನು ಮತ್ತೊಂದರ ಮಾಡ್ಯೂಲಿಗೆ ಹಾಕುವ ಮುನ್ನ ಕೈಪಿಡಿಯನ್ನು ಓದಲೇಬೇಕು.

ಪ್ಯಾಡ್ ಸುತ್ತದಂತೆ ತಡೆಯುವ ಸ್ಟಾಪರನ್ನು ಕೂರಿಸಿ, ಅಂಚಿನ ಸೆನ್ಸರ್ ಇರುವ ಬದಿಯನ್ನು ನುಡಿಸುವವರತ್ತ ತಿರುಗಿಸಬೇಕು. ಮೇಲಿನ ನಟ್ಟನ್ನು ಪ್ಯಾಡ್ ತೂಗಾಡುವಷ್ಟು ಸಡಿಲ ಬಿಡಬೇಕು.

ಬಳಿಕ ಮಾಡ್ಯೂಲಿನಲ್ಲಿ ಪ್ಯಾಡಿನ ಮಾದರಿಯನ್ನು ಆರಿಸಿ ಸೆನ್ಸಿಟಿವಿಟಿ ಹೊಂದಿಸಬೇಕು. ಕ್ರ್ಯಾಶ್ ಸಿಂಬಲ್ ಹೊಡೆದಾಗ ಪಕ್ಕದ ಟಾಮ್ ಡ್ರಮ್ಮಿನ ಪ್ಯಾಡ್ ತಾನಾಗಿ ಸದ್ದು ಮಾಡಿದರೆ, ಇಂಥ ಅಡ್ಡಸದ್ದನ್ನು ತಡೆಯುವ, ಟಾಮಿನ ಕ್ರಾಸ್‌ಟಾಕ್ ಮೌಲ್ಯವನ್ನು ಸ್ವಲ್ಪಸ್ವಲ್ಪವೇ ಏರಿಸಬೇಕು. ಅತಿಯಾದರೆ ಎರಡನ್ನೂ ಒಟ್ಟಿಗೆ ಬಾರಿಸಿದಾಗ ಟಾಮಿನ ಮೆಲುಪೆಟ್ಟುಗಳು ನುಂಗಿಹೋಗುತ್ತವೆ.