ನೀಲಿ ಬಾಟಲಿ

ಹೋದ ವಾರ ಎರಡು ದಿನ ಜ್ವರ ಅಂತ ಮನೆಯಲ್ಲೇ ಬಿದ್ದುಕೊಂಡಿದ್ದೆ. ಓದಲು ಹೋದರೆ ತಲೆನೋವು, ಮಲಗಿದರೆ ನಿದ್ದೆ ಇಲ್ಲ. ಸುಮ್ನೆ ಲ್ಯಾಪ್‌ಟಾಪ್ ತೆಗೆದು ಡಾಸ್‌ಬಾಕ್ಸ್ ಹಾಕಿಕೊಂಡೆ. ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದ ಹಳೇ ಪ್ರೋಗ್ರಾಮುಗಳನ್ನು ಈಗಿನ ಮಷಿನ್ನಿನಲ್ಲಿ ಓಡಿಸುವ ಪುಕ್ಕಟೆ ಸಾಫ್ಟ್‌ವೇರ್ ಅದು. ಕಪ್ಪು ಪರದೆಯ ಮೇಲೆ ಸಿ ಡ್ರೈವ್ ಮಿಣುಕಿದ್ದೇ ತಡ, ಬೆರಳು ತಾನಾಗಿಯೇ ಚಿಕ್ಕಂದಿನ ಆಟದ ಹೆಸರು 'ಪ್ರಿನ್ಸ್' ಅಂತ ಕುಟ್ಟಿತು. ಫೋನ್ ನಂಬರ್ ಒಂದೂ ನೆನಪಿರದ ಬೆರಳು ಇದು.

ಶಿರಸಿಯ ದೊಡ್ಡಪ್ಪನ ಮನೆಗೆ ಕಂಪ್ಯೂಟರ್ ಬಂದದ್ದು ಅಡಿಕೆ ಲೆಕ್ಕ ಬರೆಯಲು. 386 ಮಷಿನ್ನು, 40 ಎಂಬಿ ಹಾರ್ಡ್ ಡಿಸ್ಕು, ಕಪ್ಪು-ಬಿಳುಪು ಮಾನಿಟರ್. ಕಲರ್ ತಗೊಂಡರೆ ಕೂಡಿಸಿದ ಲೆಕ್ಕ ಬೇರೆ ಬರುತ್ತದಾ ಅಂತ ದೊಡ್ಡಪ್ಪನ ಪ್ರಶ್ನೆ, ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಮಳೆಗಾಲದಲ್ಲಿ ಫ್ಲಾಪಿಗೆ ಬೂಸ್ಟು ಹಿಡಿಯುತ್ತದೆ ಅಂತ ದೊಡ್ಡಮ್ಮ ಅವನ್ನು ಒಲೆಯ ಮೇಲಿನ ಅಟ್ಟದಲ್ಲಿ, ಹಪ್ಪಳದ ಡಬ್ಬದ ಪಕ್ಕ ಇಟ್ಟಿದ್ದಳು. ಬೂಸ್ಟು ಹಿಡಿಯಲಿಲ್ಲ, ಆದರೆ ಹೊಗೆ ಹಿಡಿಯಿತು. ಮೂರು ಫ್ಲಾಪಿ ಕೈಕೊಟ್ಟವು.

ಆಟಗಳು ಬಂದದ್ದು ಯಾರದೋ ಫ್ಲಾಪಿಯಿಂದ ಯಾರದೋ ಫ್ಲಾಪಿಗೆ ಹಾರಿ. ಪೆಟ್ಟಿಗೆ ಇಲ್ಲ, ಪುಸ್ತಕ ಇಲ್ಲ, ಬಿಲ್ಲಂತೂ ಇಲ್ಲವೇ ಇಲ್ಲ. ಯಾವ ಕೀ ಏನು ಮಾಡುತ್ತದೆ ಅನ್ನುವುದು ಅಡುಗೆಯ ಹಾಗೆ ಬಾಯಿಂದ ಬಾಯಿಗೆ ಬರಬೇಕಿತ್ತು.

ಡೇಂಜರಸ್ ಡೇವ್ ಆಟ ನೆನಪಿದೆ ಅಲ್ವಾ? ಕೆಂಪು ಟೋಪಿಯ ಹುಡುಗ, ಕಪ್ ಹಿಡಿದರೆ ಮಾತ್ರ ಬಾಗಿಲು ತೆರೆಯುತ್ತದೆ. (ಟೋಪಿ ಕೆಂಪು ಅಂತ ನನಗೆ ಗೊತ್ತಾದದ್ದು ಹತ್ತು ವರ್ಷ ತಡವಾಗಿ.) ಅದನ್ನು ಬರೆದ ಜಾನ್ ರೊಮೆರೊ ಮುಂದೆ ಡೂಮ್ ಎಂಬ ಹೆಸರಾಂತ ಆಟ ಮಾಡಿದ ತಂಡದಲ್ಲಿದ್ದವನು. ಈಗ ಆಡಿದರೆ ಹತ್ತು ಹಂತ ಅರ್ಧ ಗಂಟೆಯಲ್ಲಿ ಮುಗಿಯಿತು, ಮತ್ತೆ ಆಡಬೇಕು ಅನ್ನಿಸಲಿಲ್ಲ. ಡಿಗ್ಗರ್ ಅನ್ನೋ ಆಟ ಇನ್ನೂ ಹಳೆಯದು, 1983ರದ್ದು. ಆ ಕಾಲದ ಮಷಿನ್ನಿನ ವೇಗ ನಂಬಿಕೊಂಡು ಬರೆದದ್ದರಿಂದ ನಮ್ಮ 386ರಲ್ಲೇ ಅದು ಹುಚ್ಚು ಹಿಡಿದ ಹಾಗೆ ಓಡುತ್ತಿತ್ತು, ಡಬ್ಬದ ಮುಂದಿನ ಟರ್ಬೊ ಗುಂಡಿ ಒತ್ತಿ ವೇಗ ಇಳಿಸಬೇಕಿತ್ತು. ಟರ್ಬೊ ಅಂತ ಹೆಸರು, ಕೆಲಸ ಮಾತ್ರ ಬ್ರೇಕಿನದು! ಡಾಸ್‌ಬಾಕ್ಸಿನಲ್ಲಿ ಆ ಕೆಲಸ ಕಂಟ್ರೋಲ್ ಮತ್ತು ಎಫ್11 ಮಾಡುತ್ತವೆ.

ಆದರೆ ಪ್ರಿನ್ಸ್ ಆಫ್ ಪರ್ಷಿಯಾ ಬೇರೆಯೇ. ಒಂದು ಗಂಟೆ ಸಮಯ, ಹನ್ನೆರಡು ಹಂತ, ಕೊನೆಗೆ ಖಳನಾಯಕ ಜಾಫರ್. ಜೋರ್ಡನ್ ಮೆಕ್ನರ್ ಎಂಬವರು ತಮ್ಮನಾದ ಡೇವಿಡ್ ಓಡುವುದನ್ನು, ಹಾರುವುದನ್ನು, ಗೋಡೆ ಹಿಡಿದು ನೇತಾಡುವುದನ್ನು ವಿಡಿಯೊ ತೆಗೆದು, ಅದರ ಒಂದೊಂದೇ ಚಿತ್ರ ನೋಡಿಕೊಂಡು ರಾಜಕುಮಾರನನ್ನು ಬಿಡಿಸಿದರು. 1989ರಲ್ಲಿ ಮೊದಲು ಆಪಲ್ 2 ಕಂಪ್ಯೂಟರಿಗೆ ಬಂತು, ಮರುವರ್ಷ ಡಾಸ್‌ಗೆ. ಮೂವತ್ತು ವರ್ಷದ ಮೇಲೆ ನೋಡಿದರೂ ಆ ಓಟ ಹಳತಾಗಿಲ್ಲ. ಅವನು ನಿಲ್ಲುವಾಗ ಎರಡು ಹೆಜ್ಜೆ ಜಾರುತ್ತಾನೆ ನೋಡಿ, ಆ ಜಾರುವಿಕೆಯಲ್ಲೇ ನಾವು ಎಷ್ಟೋ ಸಲ ಮುಳ್ಳಿನ ಮೇಲೆ ಬಿದ್ದು ಸತ್ತದ್ದು.

ಈ ಸಲ ಆಡುವಾಗ ಗೊತ್ತಾದದ್ದು, ಚಿಕ್ಕಂದಿನಲ್ಲಿ ನಾವು ಆಡಿದ್ದು ಈ ಆಟವನ್ನೇ ಅಲ್ಲ. ಅದರ ಅರ್ಧವನ್ನು ನಾವೇ ಕಟ್ಟಿಕೊಂಡಿದ್ದೆವು.

ಒಂದನೇ ಹಂತ ಮುಗಿದ ಮೇಲೆ ಒಂದು ಕೋಣೆ ಬರುತ್ತದೆ, ತುಂಬಾ ಬಾಟಲಿಗಳು, ಪ್ರತಿಯೊಂದರ ಮೇಲೂ ಒಂದು ಇಂಗ್ಲಿಷ್ ಅಕ್ಷರ. ಇಂತಿಷ್ಟನೇ ಪುಟ, ಇಂತಿಷ್ಟನೇ ಸಾಲು, ಇಂತಿಷ್ಟನೇ ಪದದ ಮೊದಲಕ್ಷರ ಕುಡಿ ಅಂತ ಕೆಳಗೆ ಬರೆದಿರುತ್ತದೆ. ಕದ್ದ ಕಾಪಿ ಆಡದಿರಲಿ ಅಂತ ಆಟದ ಕೈಪಿಡಿ ನೋಡಿ ಉತ್ತರ ಕೊಡಬೇಕಾದ ಪರೀಕ್ಷೆ ಅದು. ನಮಗೇನು ಗೊತ್ತು? ಜಾಫರ್ ಒಡ್ಡಿದ ಒಗಟು ಅಂದುಕೊಂಡೆವು. ಮನೆಯಲ್ಲಿದ್ದ ಒಂದೇ ಕಂಪ್ಯೂಟರ್ ಪುಸ್ತಕ ಡಾಸ್ ಕಲಿಸುವುದು, ಅದನ್ನೇ ತೆಗೆದು ಅಕ್ಕ ಭಕ್ತಿಯಿಂದ ಪುಟ ತಿರುಗಿಸಿ ಸಾಲು ಎಣಿಸುತ್ತಿದ್ದಳು. ಒಂದೆರಡು ಸಲ ಸರಿಯೂ ಆಯಿತು, ಹಾಗಾಗಿ ಆ ಪುಸ್ತಕದ ಮೇಲೆ ನಂಬಿಕೆ ಇನ್ನೂ ಜಾಸ್ತಿಯಾಯಿತು.

ಇನ್ನೊಂದು, ಶಿಫ್ಟ್ ಮತ್ತು ಎಲ್. ಒತ್ತಿದರೆ ಸೀದಾ ಮುಂದಿನ ಹಂತ. ಆದರೆ ಹಾಗೆ ಹಾರಿದ ಮೇಲೆ ನೋಡಿದರೆ ಯಾವಾಗಲೂ ಹದಿನೈದೇ ನಿಮಿಷ ಉಳಿದಿರುತ್ತಿತ್ತು. ನಮ್ಮ ಮಷಿನ್ನಿನ ಗಡಿಯಾರ ಕೆಟ್ಟಿದೆ ಅಂತ ದೊಡ್ಡಪ್ಪನಿಗೆ ದೂರು ಕೊಟ್ಟಿದ್ದೆವು ಕೂಡ, ಅವರು ಗೋಡೆ ಗಡಿಯಾರ ತೋರಿಸಿ ಎದ್ದೇಳಿ ಅಂದರು. ಅಡ್ಡದಾರಿ ಹಿಡಿದವರ ಸಮಯ ಕತ್ತರಿಸಲಿ ಅಂತ ಪ್ರೋಗ್ರಾಮಿನಲ್ಲೇ ಬರೆದಿಟ್ಟಿದ್ದಾರೆ. ಇದು ಗೊತ್ತಾದಾಗ ಜ್ವರದಲ್ಲೂ ನಗು ಬಂತು.

ಹೊಟ್ಟೆ ಉರಿದದ್ದು ಕಂಟ್ರೋಲ್ ಮತ್ತು ಜಿ ವಿಷಯಕ್ಕೆ. ಮೂರನೇ ಹಂತದಿಂದ ಆಚೆಗೆ ಅದನ್ನು ಒತ್ತಿದರೆ ಆಟ ಸೇವ್ ಆಗುತ್ತದಂತೆ! ಜುಲೈ ತಿಂಗಳ ಶಿರಸಿಯಲ್ಲಿ ಒಂದು ಗಂಟೆ ಬಿಡದೆ ಕರೆಂಟ್ ಇರುವುದೇ ಒಂದು ಹಬ್ಬ. ಆರನೇ ಹಂತದಲ್ಲಿ ದಪ್ಪ ಕಾವಲುಗಾರನ ಜೊತೆ ಕತ್ತಿ ಹಿಡಿದು ನಿಂತಾಗ ಟಪ್ ಅಂತ ಎಲ್ಲ ಕತ್ತಲು, ಮತ್ತೆ ಮೊದಲಿಂದ. ಎರಡು ಕೀ ಗೊತ್ತಿಲ್ಲದೆ ಎಷ್ಟು ಮಧ್ಯಾಹ್ನ ಹೋದವು.

ನಾಲ್ಕನೇ ಹಂತದ ಕನ್ನಡಿಗೆ ಓಡಿ ಬಂದು ಹಾರಿದರೆ ಆಚೆಯಿಂದ ರಾಜಕುಮಾರನದೇ ನೆರಳು ಹೊರಬಂದು ಓಡಿಹೋಗುತ್ತದೆ. ಹೊಸ ಪಾತ್ರ ಬಿಡಿಸಲು ಮೆಮೊರಿ ಉಳಿದಿರಲಿಲ್ಲವಂತೆ, ಅದಕ್ಕೆ ಮೆಕ್ನರ್ ರಾಜಕುಮಾರನ ಚಿತ್ರಗಳನ್ನೇ ತಿರುಗಾಮುರುಗಾ ಮಾಡಿ ನೆರಳನ್ನು ಹುಟ್ಟಿಸಿದರು. ಹನ್ನೆರಡನೇ ಹಂತದಲ್ಲಿ ಅದು ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ಅದಕ್ಕೆ ಹೊಡೆದರೆ ನಮ್ಮ ಜೀವವೇ ಹೋಗುತ್ತದೆ, ಕತ್ತಿ ಒರೆಗೆ ಹಾಕಿ ಸುಮ್ಮನೆ ಮುಂದೆ ಹೋಗಬೇಕು. ನಾವು ಶಿರಸಿಯಲ್ಲಿ ಅಲ್ಲಿಯತನಕ ಹೋಗಲೇ ಇಲ್ಲ. ಈ ಸಲ ಹೋದೆ, ಎರಡು ಸಲ ನನ್ನನ್ನೇ ಕೊಂದುಕೊಂಡು ಮೂರನೇ ಸಲ ಕತ್ತಿ ಇಳಿಸಿದೆ. ಅಷ್ಟರಲ್ಲಿ ಗಂಟೆ ಮುಗಿಯಿತು.

ಇನ್ನು ಬಾಟಲಿ. ಆಟದ ತುಂಬಾ ಸಣ್ಣ ಸಣ್ಣ ಬಾಟಲಿಗಳಿವೆ. ಕೆಂಪು ಗುಳ್ಳೆ ಏಳುವುದು ಕುಡಿದರೆ ಜೀವ ಬರುತ್ತದೆ, ನೀಲಿ ಗುಳ್ಳೆಯದು ವಿಷ. ಬಣ್ಣವೊಂದೇ ಗುರುತು. ನಮ್ಮ ಪರದೆಯಲ್ಲಿ ಎರಡೂ ಬೂದಿ! ಕುಡಿದೇ ನೋಡಬೇಕಿತ್ತು, ಜೀವ ಒಂದು ಕಡಿಮೆಯಾದರೆ ವಿಷ. ಅದಕ್ಕೇ ಇರಬೇಕು, ಬಾಟಲಿ ಕಂಡ ಕೂಡಲೇ ಅಕ್ಕ ಎದ್ದು ಕೀಬೋರ್ಡ್ ನನ್ನ ಕಡೆ ತಳ್ಳುತ್ತಿದ್ದಳು, ತಗೋ ಈಗ ನಿನ್ನ ಸರದಿ ಅಂತ. ದೊಡ್ಡ ಮನಸ್ಸು ಅಂದುಕೊಂಡಿದ್ದೆ. ನಾನು ಸತ್ತರೆ ಸರದಿ ಮತ್ತೆ ಅವಳದು, ಅದು ಆಗಿನ ನಿಯಮ.

ಮೊನ್ನೆ ಸಂಜೆ ಅವಳಿಗೆ ಪರದೆಯ ಫೋಟೊ ತೆಗೆದು ಕಳಿಸಿದೆ. ನೋಡು, ಇದು ನೀಲಿ ಅಂತೆ, ವಿಷ ಅಂತೆ, ನಮಗೆ ಗೊತ್ತೇ ಇರಲಿಲ್ಲ ಅಂತ ಬರೆದೆ. ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು.

"ನಿನಗೆ ಗೊತ್ತಿರಲಿಲ್ಲ. ನಮ್ಮ ಕಾಲೇಜಿನಲ್ಲಿ ಕಲರ್ ಮಾನಿಟರ್ ಇತ್ತು."