ಸ್ಪಿತಿಯಲ್ಲಿ ಬೋರ್ಡುಗಳನ್ನು ಬಿಟ್ಟು ನೋಡಬೇಕಾದದ್ದು

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಹೋಗಿ ಬಂದವರ ಫೋಟೋ ನೋಡಿದರೆ ಅರ್ಧಕ್ಕರ್ಧ ಬರೀ ಬೋರ್ಡುಗಳೇ. ಜಗತ್ತಿನ ಅತಿ ಎತ್ತರದ ಅಂಚೆ ಕಚೇರಿ, ಅತಿ ಎತ್ತರದ ಪೆಟ್ರೋಲ್ ಬಂಕ್, ರಸ್ತೆ ಇರುವ ಅತಿ ಎತ್ತರದ ಹಳ್ಳಿ. ಟೂರಿನವರು ಸ್ಪಿತಿಯ ಮುಖ್ಯ ಊರಾದ ಕಾಜಾದಿಂದ ಹೊರಟು ಒಂದೇ ದಿನದಲ್ಲಿ ಇವನ್ನೆಲ್ಲ ಮುಗಿಸಿ ವಾಪಸ್ ಬಿಡುತ್ತಾರೆ. ಹೋಗಬೇಡಿ ಅಂತ ಹೇಳುತ್ತಿಲ್ಲ, ನಾನೂ ಆ ಬೋರ್ಡುಗಳ ಕೆಳಗೆ ಹಲ್ಲು ಕಿರಿದು ನಿಂತವನೇ. ಆದರೆ ಅಷ್ಟು ದೂರ ಹೋಗಿ ಬರೀ ಎತ್ತರ ಲೆಕ್ಕ ಹಾಕಿ ಬಂದರೆ ಏನು ಬಂತು? ನನ್ನ ಲೆಕ್ಕದಲ್ಲಿ ಸ್ಪಿತಿ ಅಂದರೆ ಕೆಳಗೆ ಹರಿಯುವ ಆ ಬೂದು ಬಣ್ಣದ ನದಿ, ಅದರ ಪಕ್ಕದ ಹಳ್ಳಿಗಳು. ಅದರಲ್ಲೂ ಟಾಬೋ.

ಮೊದಲು ದಾರಿಯ ವಿಷಯ. ಶಿಮ್ಲಾದಿಂದ ಕಿನ್ನೌರ್ ಹಾದು ಒಂದು ದಾರಿ, ಮನಾಲಿಯಿಂದ ಕುಂಝುಂ ಕಣಿವೆದಾರಿ ದಾಟಿ ಇನ್ನೊಂದು. ಮನಾಲಿ ದಾರಿ ಹತ್ತಿರ, ಸುಮಾರು 200 ಕಿಲೋಮೀಟರ್. ನಮ್ಮ ಜನ ಜಾಸ್ತಿ ಅದನ್ನೇ ಹಿಡಿಯುತ್ತಾರೆ. ದಯವಿಟ್ಟು ಬೇಡ. ನಮ್ಮ ಮುಳ್ಳಯ್ಯನಗಿರಿ ತುದಿಯೇ 1,930 ಮೀಟರ್, ಕುಂಝುಂ 4,500 ಮೀಟರಿಗಿಂತ ಮೇಲೆ. ಬೆಳಿಗ್ಗೆ ಮನಾಲಿಯಲ್ಲಿ ತಿಂಡಿ ತಿಂದು ಮಧ್ಯಾಹ್ನ ಅಲ್ಲಿ ನಿಂತರೆ ತಲೆ ಸಿಡಿಯದೆ ಇನ್ನೇನಾಗುತ್ತದೆ? ಶಿಮ್ಲಾ ಕಡೆಯಿಂದ ಹೋದರೆ ನಿಧಾನಕ್ಕೆ, ದಿನಕ್ಕಷ್ಟು ಏರುತ್ತೀರಿ, ಮೈಗೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ದಾರಿ ಉದ್ದ, ಬೆನ್ನು ನೋಯುತ್ತದೆ, ಇರಲಿ. ಮನಾಲಿ ದಾರಿಯನ್ನು ವಾಪಸ್ ಬರಲು ಇಟ್ಟುಕೊಳ್ಳಿ.

ಶಿಮ್ಲಾ ಕಡೆಯಿಂದ ಹೋದರೆ ಇನ್ನೊಂದು ಲಾಭ ಇದೆ. ಖಾಬ್ ಎಂಬಲ್ಲಿ ಸ್ಪಿತಿ ನದಿ ಸಟ್ಲೆಜ್ ಸೇರುತ್ತದೆ. ಅಲ್ಲಿಂದ ನೀವು ನದಿಗೆ ಎದುರಾಗಿ ಮೇಲಕ್ಕೆ ಹೋಗುತ್ತೀರಿ. ಸೇಬಿನ ತೋಟ, ದೇವದಾರು ಎಲ್ಲ ಹಿಂದೆ ಉಳಿದು, ನೋಡನೋಡುತ್ತಲೇ ಬೆಟ್ಟಗಳು ಬೋಳಾಗುತ್ತವೆ. ಮುಂಗಾರಿನ ಮೋಡಗಳನ್ನು ದಕ್ಷಿಣದ ಬೆಟ್ಟಸಾಲುಗಳೇ ತಡೆದುಬಿಡುವುದರಿಂದ ಇಲ್ಲಿ ಮಳೆ ತೀರಾ ಕಡಿಮೆ, ಇರುವುದೆಲ್ಲ ಹಿಮ. ಮರಳುಗಾಡು ಅಂದರೆ ಬಿಸಿಲಲ್ಲಿ ಕುದಿಯಬೇಕು ಅಂತೇನಿಲ್ಲ, ಚಳಿಯಲ್ಲಿ ನಡುಗುವ ಮರಳುಗಾಡೂ ಇರುತ್ತದೆ.

ಟಾಬೋಗೆ ಮುಂಚೆ ರಸ್ತೆ ಬಿಟ್ಟು ಒಳಗೆ ಹೋದರೆ ಗಿಯು ಎಂಬ ಹಳ್ಳಿ. ಅಲ್ಲಿ ಸುಮಾರು 500 ವರ್ಷ ಹಿಂದಿನ ಒಬ್ಬ ಭಿಕ್ಷುವಿನ ದೇಹ ಕೂತ ಭಂಗಿಯಲ್ಲೇ ಒಣಗಿ ಉಳಿದಿದೆ. 1975ರ ಭೂಕಂಪದ ನಂತರ ಸಿಕ್ಕಿದ್ದು. ಈಗ ಗಾಜಿನ ಪೆಟ್ಟಿಗೆಯಲ್ಲಿದೆ, ಹಲ್ಲು ಕೂಡ ಕಾಣುತ್ತದೆ. ಕೆಲವರಿಗೆ ಅದು ದೇವರು, ಕೆಲವರಿಗೆ ಸೆಲ್ಫಿ. ನನಗೆ ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಾಗಲಿಲ್ಲ.

ಟಾಬೋ ಮಠ ಕ್ರಿ.ಶ. 996ರದ್ದು. ಹೊರಗಿನಿಂದ ನೋಡಿದರೆ ಏನೂ ಇಲ್ಲ. ಮಣ್ಣಿನ ಗೋಡೆ, ಮಣ್ಣಿನ ಸೂರು, ಯಾವುದೋ ಹಳೆ ಉಗ್ರಾಣ ಇರಬೇಕು ಅನ್ನಿಸುತ್ತದೆ. ಕೀ, ಧಂಕರ್ ಮಠಗಳ ಹಾಗೆ ಗುಡ್ಡದ ನೆತ್ತಿಯ ಮೇಲೆ ಕೋಟೆಯಂತೆ ಕೂತಿಲ್ಲ, ನದಿ ಪಕ್ಕದ ಸಮತಟ್ಟು ಜಾಗದಲ್ಲಿದೆ. ಅದಕ್ಕೇ ಎಷ್ಟೋ ಗಾಡಿಗಳು ಹತ್ತು ನಿಮಿಷ ನಿಂತು ಹೊರಟುಬಿಡುತ್ತವೆ. ಬೈಲಕುಪ್ಪೆಯ ಚಿನ್ನದ ಬಣ್ಣದ ದೊಡ್ಡ ದೊಡ್ಡ ಬುದ್ಧರನ್ನು ನೋಡಿ ಅಭ್ಯಾಸವಾದ ನಮಗೆ ಒಳಗೆ ಕಾಲಿಟ್ಟ ಕೂಡಲೇ ಬರೀ ಕತ್ತಲು. ಮೇಲಿನ ಕಿಂಡಿಯಿಂದ ಬೀಳುವ ಬೆಳಕು ಬಿಟ್ಟರೆ ಬೇರೆ ಏನಿಲ್ಲ. ಸುಮ್ನೆ ನಿಂತಿರಿ. ಕಣ್ಣು ಹೊಂದಿಕೊಂಡ ಹಾಗೆ ಗೋಡೆಯುದ್ದಕ್ಕೂ ಒಂದೊಂದಾಗಿ ಮಣ್ಣಿನ ಮೂರ್ತಿಗಳು ಕಾಣತೊಡಗುತ್ತವೆ, ಒಟ್ಟು 32, ಆಳೆತ್ತರಕ್ಕೆ ಮೇಲೆ ಗೋಡೆಗೆ ಅಂಟಿಕೊಂಡು ತೇಲುತ್ತಿರುವಂತೆ, ನಡುವೆ ನಾಲ್ಕು ದಿಕ್ಕಿಗೂ ಮುಖ ಮಾಡಿದ ವೈರೋಚನ ಬುದ್ಧ, ಕೆಳಗಡೆ ಗೋಡೆ ತುಂಬ ಚಿತ್ರಗಳು. ಬಟ್ಟೆಯ ನೇಯ್ಗೆಯ ವಿನ್ಯಾಸ ಕೂಡ ಬಿಡದೆ ಬರೆದಿದ್ದಾರೆ. ಆಗಿನ ಕಾಶ್ಮೀರದ ಕಲಾವಿದರ ಕೈ ಇದರಲ್ಲಿದೆ ಅಂತ ತಿಳಿದವರು ಹೇಳುತ್ತಾರೆ. ಹಿಮಾಲಯದ ಅಜಂತಾ ಅನ್ನುವುದು ಇದನ್ನೇ. ಒಳಗೆ ಫೋಟೋ ತೆಗೆಯುವ ಹಾಗಿಲ್ಲ, ನನಗಂತೂ ಅದು ಒಳ್ಳೆಯದೇ ಅನ್ನಿಸಿತು. ಒಂದು ಟಾರ್ಚ್ ಜೊತೆಯಲ್ಲಿರಲಿ. ಆದರೆ ಚಿತ್ರಗಳ ಮೇಲೆ ಬೆಳಕು ಬಿಡುವ ಮುಂಚೆ ಅಲ್ಲಿರುವ ಲಾಮಾ ಅವರನ್ನು ಕೇಳಿ.

ಕರ್ನಾಟಕದಿಂದ ಬಂದಿದ್ದೇವೆ ಅಂತ ಹೇಳಿ ನೋಡಿ. ಟಾಬೋ, ಕೀ, ಧಂಕರ್ ಮೂರೂ ಟಿಬೆಟಿನ ಬೌದ್ಧರ ಗೆಲುಗ್ ಪಂಥದ ಮಠಗಳು. ಆ ಪಂಥದ ದೊಡ್ಡ ವಿದ್ಯಾಪೀಠಗಳು ಇರುವುದು ನಮ್ಮ ಮುಂಡಗೋಡು, ಬೈಲಕುಪ್ಪೆಯಲ್ಲಿ. ಅಲ್ಲಿ ಓದಿ ಬಂದ ಭಿಕ್ಷುಗಳು ಸಿಕ್ಕರೆ ಹುಬ್ಬಳ್ಳಿ ಬಸ್ಸಿನ ಕಥೆ ಶುರುವಾಗುತ್ತದೆ, ಚಹಾ ಬರುತ್ತದೆ, ನಿಮ್ಮ ಡ್ರೈವರ್ ಹೊರಗೆ ಹಾರ್ನ್ ಹೊಡೆಯುತ್ತಾ ಇರುತ್ತಾನೆ.

ಟಾಬೋದಿಂದ ಮುಂದೆ ಧಂಕರ್. ಪಿನ್ ನದಿ ಬಂದು ಸ್ಪಿತಿಗೆ ಸೇರುವ ಜಾಗದ ಮೇಲೆ, ಸವೆದು ಮೊನೆಯಾದ ಮಣ್ಣಿನ ಕಡಿದಾದ ಗುಡ್ಡದಲ್ಲಿ ಹಳೇ ಮಠ ನೇತುಕೊಂಡಿದೆ. ಒಂದು ಕಾಲಕ್ಕೆ ಸ್ಪಿತಿಯ ರಾಜಧಾನಿ ಇದೇ. ಕೆಳಗೆ ನದಿ ಹತ್ತಾರು ಎಳೆಗಳಾಗಿ ಬಿಡಿಸಿಕೊಂಡು ಹರಿಯುವುದನ್ನು ನೋಡಲು ಇಡೀ ಕಣಿವೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣಲಿಲ್ಲ. ಸಮಯ ಇದ್ದರೆ ಪಿನ್ ಕಣಿವೆಯೊಳಗೆ ಮುದ್ ಹಳ್ಳಿಯ ತನಕ ಹೋಗಿ. ಆ ಕಡೆ ಬೆಟ್ಟಗಳ ಬಣ್ಣವೇ ಬೇರೆ, ಹಸಿರು, ನೇರಳೆ, ಕಂದು.

ದಾರಿಯುದ್ದಕ್ಕೂ ಹೊಲಗಳನ್ನು ಗಮನಿಸಿ. ಇಷ್ಟು ಬರಡು ನೆಲದಲ್ಲಿ ಅಲ್ಲಲ್ಲಿ ಹಸಿರು ತುಂಡು ಹೇಗೆ ಬಂತು ಅಂತ ಕೇಳಿಕೊಂಡರೆ ಉತ್ತರ ಮೇಲೆ ಇದೆ. ನದಿ ಆಳದಲ್ಲಿ ಹರಿಯುತ್ತದೆ, ಆ ನೀರು ಮೇಲಿನ ಹಳ್ಳಿಗಳಿಗೆ ಎಟುಕುವುದಿಲ್ಲ. ಬೆಟ್ಟದ ಮೇಲೆ ಕರಗುವ ಹಿಮದ ನೀರನ್ನು ಕೂಲ್ ಎಂಬ ಸಣ್ಣ ಕಾಲುವೆಗಳಲ್ಲಿ ಹೊಲಕ್ಕೆ ತಂದು, ಸರದಿಯ ಮೇಲೆ ಹಂಚಿಕೊಳ್ಳುತ್ತಾರೆ. ಬಾರ್ಲಿ ಮೊದಲಿನಿಂದಲೂ ಇತ್ತು, ಈಗ ದುಡ್ಡು ತರುವುದು ಹಸಿ ಬಟಾಣಿ. ಬೆಟ್ಟದ ಕೆಳಗಿನ ಬಯಲು ನಾಡಿನಲ್ಲಿ ಬಟಾಣಿ ಇಲ್ಲದ ಹೊತ್ತಿಗೆ ಇಲ್ಲಿ ಕೊಯ್ಲಿಗೆ ಬರುವುದರಿಂದ ಒಳ್ಳೆ ರೇಟು. ಚಳಿಗಾಲದಲ್ಲಿ ಹಿಮ ಕಡಿಮೆ ಬಿದ್ದ ವರ್ಷ ಎಲ್ಲಕ್ಕೂ ತೊಂದರೆ. ಹಳೇ ಮನೆಗಳಲ್ಲಿ ನೀರಿಲ್ಲದ ಒಣ ಶೌಚಾಲಯ ಇರುತ್ತದೆ, ಮಣ್ಣು ಬೂದಿ ಹಾಕಿ ಆಮೇಲೆ ಹೊಲಕ್ಕೆ ಗೊಬ್ಬರ ಮಾಡುತ್ತಾರೆ. ನಮ್ಮವರು ಅದಕ್ಕೆ ಮೂಗು ಮುರಿದು, ಗೀಸರ್ ಇದೆಯಾ, ಫ್ಲಶ್ ಇದೆಯಾ ಅಂತ ಕೇಳುವುದನ್ನು ನೋಡಿದರೆ ಸಿಟ್ಟು ಬರುತ್ತದೆ. ಹೋಂಸ್ಟೇಯಲ್ಲಿ ಉಳಿದುಕೊಳ್ಳಿ, ಒಂದು ಬಕೆಟ್ ನೀರಲ್ಲಿ ಸುಧಾರಿಸಿ.

ಕೀ ಮಠವನ್ನು ಪೋಸ್ಟರುಗಳಲ್ಲಿ ಎಲ್ಲರೂ ನೋಡಿರುತ್ತಾರೆ. ಆ ಫೋಟೋ ಸಿಗುವುದು ಮಠದಲ್ಲಲ್ಲ, ಕಿಬ್ಬರ್‌ಗೆ ಏರುವ ರಸ್ತೆಯಲ್ಲಿ. ಕಿಬ್ಬರ್‌ನಿಂದ ಮುಂದೆ ಆಳವಾದ ಕಂದರದ ಮೇಲೆ ಚಿಚಮ್ ಸೇತುವೆ ಇದೆ, 2017ರಲ್ಲಿ ತೆರೆದದ್ದು. ಅದಕ್ಕೂ ಮೊದಲು ಊರಿನವರು ಹಗ್ಗಕ್ಕೆ ನೇತು ಹಾಕಿದ ತೊಟ್ಟಿಲಲ್ಲಿ ಕೂತು ದಾಟುತ್ತಿದ್ದರು. ಕಿಬ್ಬರ್ ಚಳಿಗಾಲದಲ್ಲಿ ಹಿಮಚಿರತೆ ನೋಡುವವರ ಊರು. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ ಎಷ್ಟೋ ವರ್ಷಗಳಿಂದ ಇಲ್ಲಿ ಕೆಲಸ ಮಾಡುತ್ತಿದೆ. ಚಿರತೆ ಹಿಡಿದ ಜಾನುವಾರಿಗೆ ಊರಿನವರೇ ನಡೆಸುವ ವಿಮೆ ಇಲ್ಲಿದೆ, ಹಾಗಾಗಿ ಅದರ ಮೇಲಿನ ಸಿಟ್ಟು ಕಡಿಮೆಯಾಗಿದೆ.

ಲಾಂಗ್ಝಾದಲ್ಲಿ ಬುದ್ಧನ ದೊಡ್ಡ ವಿಗ್ರಹ ನೋಡಿದ ಮೇಲೆ ಕಾಲಡಿಯ ಕಲ್ಲನ್ನೂ ನೋಡಿ. ಇದೆಲ್ಲ ಒಮ್ಮೆ, ಹಿಮಾಲಯ ಏಳುವ ಮೊದಲು, ಟೆಥಿಸ್ ಎಂಬ ಸಮುದ್ರದ ತಳ. ಸುರುಳಿ ಚಿಪ್ಪಿನ ಅಮೊನೈಟ್ ಪಳೆಯುಳಿಕೆಗಳು ಸಿಗುವುದು ಅದಕ್ಕೇ. ಮಾಧ್ವರ ಮನೆಯ ದೇವರಕೋಣೆಯಲ್ಲಿ ಗಂಡಕಿ ನದಿಯಿಂದ ಬಂದ ಸಾಲಿಗ್ರಾಮ ನೋಡಿದ್ದರೆ ಆ ಸುರುಳಿ ತಕ್ಷಣ ಗುರುತು ಸಿಗುತ್ತದೆ. ಅದೂ ಇದೇ ಜಾತಿಯ ಜೀವಿ, ಅದೇ ಸಮುದ್ರದ್ದು. ಮಕ್ಕಳು ಮಾರಲು ಬರುತ್ತಾರೆ. ಕೊಳ್ಳಬೇಡಿ, ಪುಣ್ಯ ಅಂತಲೂ ಎತ್ತಿಕೊಂಡು ಬರಬೇಡಿ. ಪಕ್ಕದ ಹಿಕ್ಕಿಮ್‌ನಿಂದ ಬೇಕಾದರೆ ಊರಿಗೆ ಒಂದು ಕಾರ್ಡ್ ಹಾಕಿ, ಆ ಅಂಚೆ ಕಚೇರಿ 1983ರಿಂದ ಇದೆ.

ವಾಪಸ್ ಬರುವಾಗ ಕುಂಝುಂ ದಾಟಿ ಚಂದ್ರತಾಲ್. ಬಿಸಿಲು ಬದಲಾದ ಹಾಗೆ ಕೆರೆಯ ಬಣ್ಣವೂ ಬದಲಾಗುತ್ತದೆ. ದಡದಲ್ಲಿ ಟೆಂಟ್ ಹಾಕುವ ಹಾಗಿಲ್ಲ, ದೂರದಲ್ಲಿ ಕ್ಯಾಂಪ್‌ಗಳಿವೆ, ರಾತ್ರಿ ಚಳಿ ಬೆನ್ನುಮೂಳೆಗೆ ಇಳಿಯುತ್ತದೆ. ಅಲ್ಲಿಂದ ಮನಾಲಿ ಕಡೆಗೆ ಬಾತಲ್‌ನಿಂದ ಗ್ರಾಂಫೂ ತನಕ ರಸ್ತೆ ಅನ್ನುವುದು ಹೆಸರಿಗೆ ಮಾತ್ರ. ಬಂಡೆ, ನೀರು, ಮತ್ತೆ ಬಂಡೆ.

ಸೆಪ್ಟೆಂಬರ್ ಒಳ್ಳೆ ತಿಂಗಳು. ಜುಲೈ, ಆಗಸ್ಟ್‌ನಲ್ಲಿ ಕಿನ್ನೌರ್ ಕಡೆ ಗುಡ್ಡ ಕುಸಿಯುವುದು ಜಾಸ್ತಿ, ಮನಾಲಿ ದಾರಿಯೋ ಚಳಿಗಾಲ ಪೂರ್ತಿ ಬಂದ್. ಕಾಜಾದಲ್ಲಿ ಎಟಿಎಂ ಇದೆ, ಆದರೆ ಅದನ್ನೇ ನಂಬಿ ಹೋಗಬೇಡಿ, ಕೈಯಲ್ಲಿ ನಗದು ಇರಲಿ. ಅಮೆರಿಕದಿಂದ ಬಂದ ಅಣ್ಣನನ್ನೋ ಅತ್ತಿಗೆಯನ್ನೋ ಕರೆದುಕೊಂಡು ಹೋಗುವುದಾದರೆ, ಅವರದು ವಿದೇಶಿ ಪಾಸ್‌ಪೋರ್ಟ್ ಆಗಿದ್ದರೆ, ಕಿನ್ನೌರ್ ಕಡೆಯ ಗಡಿ ಭಾಗ ದಾಟಲು ಪರ್ಮಿಟ್ ಬೇಕು. ಅದನ್ನು ಕಿನ್ನೌರಿನ ರೆಕಾಂಗ್ ಪಿಯೋ ಊರಿನಲ್ಲಿ ಮಾಡಿಸಬಹುದು. ಭಾನುವಾರ ಅಲ್ಲಿಗೆ ತಲುಪುವ ಹಾಗೆ ಮಾತ್ರ ಪ್ಲಾನ್ ಮಾಡಬೇಡಿ.