ಬೈಬಲ್ ಓದುತ್ತಾ ಗುಡಾರದ ಹತ್ತಿರ ನಿಂತುಬಿಟ್ಟವರಿಗೆ

"ಬೈಬಲ್ ಓದೋಕೆ ಶುರು ಮಾಡಿದೆ, ಮುಂದೆ ಹೋಗಲೇ ಇಲ್ಲ. ಅಷ್ಟೊಂದು ಪುಸ್ತಕ ಸೇರಿ ಹೇಳುವ ಕಥೆಯಾದರೂ ಏನು?" ಈ ಪ್ರಶ್ನೆಯನ್ನು ತುಂಬ ಜನ ನನಗೆ ಕೇಳಿದ್ದಾರೆ.

ಎಲ್ಲಿ ನಿಂತಿತು ಅಂತ ವಿಚಾರಿಸಿದರೆ ಹೆಚ್ಚುಕಮ್ಮಿ ಎಲ್ಲರೂ ಒಂದೇ ಜಾಗ ತೋರಿಸುತ್ತಾರೆ. ಆದಿಕಾಂಡ ಸಲೀಸಾಗಿ ಸಾಗುತ್ತದೆ. ಯೋಸೇಫನ ಕಥೆಗೆ ಕಣ್ಣೂ ತುಂಬುತ್ತದೆ. ವಿಮೋಚನಕಾಂಡದಲ್ಲಿ ಮೋಶೆ ಜನರನ್ನು ಸಮುದ್ರ ದಾಟಿಸುತ್ತಾನೆ. ಆಮೇಲೆ 25ನೇ ಅಧ್ಯಾಯದಿಂದ ದೇವದರ್ಶನದ ಗುಡಾರದ ಲೆಕ್ಕ. ಮೇಕೆ ಕೂದಲಿನ ಪರದೆ 11, ಒಂದೊಂದೂ 30 ಮೊಳ ಉದ್ದ, 4 ಮೊಳ ಅಗಲ. ಬಳೆ, ಕೊಂಡಿ, ಗೂಟ. ಪುಸ್ತಕ ಮುಚ್ಚಿಹೋಗುವುದು ಅಲ್ಲೇ.

ನನ್ನ ಪ್ರಕಾರ ಕಥೆಯ ಎಳೆ ಸಿಗುವುದೂ ಅಲ್ಲೇ.

ಸ್ವಲ್ಪ ಹಿಂದಕ್ಕೆ ಹೋಗಿ. ಏದೆನ್ ತೋಟದಲ್ಲಿ ಸಂಜೆಯ ತಂಗಾಳಿಗೆ ದೇವರು ನಡೆದಾಡುತ್ತಿದ್ದಾನೆ. ಆಜ್ಞೆ ಮೀರಿದ ಆದಾಮ, ಹವ್ವ ಮರಗಳ ಮರೆಯಲ್ಲಿ ಅಡಗಿದ್ದಾರೆ. "ಎಲ್ಲಿದ್ದೀಯ?" ಅಂತ ದೇವರು ಕೂಗುತ್ತಾನೆ. ಆ ಸಂಜೆ ಇಬ್ಬರೂ ತೋಟದಿಂದ ಹೊರಗಾದರು. ಮುಂದಿನದೆಲ್ಲ, ದೂರವಾದವರ ಜೊತೆ ಮತ್ತೆ ಇರಲು ದೇವರೇ ಹುಡುಕಿಕೊಂಡು ಬರುವ ಕಥೆ.

ಅಬ್ರಹಾಮನ ವಂಶ, ಅಂದರೆ ಮೋಶೆ ಸಮುದ್ರ ದಾಟಿಸಿದ ಆ ಜನ, ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ಬಿಡಿಸಿಕೊಂಡು ಮರಳುಗಾಡಿನಲ್ಲಿ ಗುಡಾರ ಹಾಕಿಕೊಂಡಿದೆ. ಆಗ ದೇವರು ತನಗೂ ಒಂದು ಗುಡಾರ ಕೇಳುತ್ತಾನೆ. ಒಂದು ಕ್ಷಣ ಸುಮ್ನೆ ಯೋಚಿಸಿ ನೋಡಿ. ಆ ಗುಡಾರದಲ್ಲಿ ಇಡುವ ಪವಿತ್ರ ಪೆಟ್ಟಿಗೆ ಮಂಜೂಷ; ಅದನ್ನು ಹೊರುವ ಕೋಲುಗಳನ್ನು ಅದರ ಬಳೆಗಳಿಂದ ತೆಗೆಯಲೇಬಾರದು ಅಂತ ಅಪ್ಪಣೆ ಇದೆ. ಜನ ಯಾವಾಗ ಹೊರಟರೂ ಜೊತೆಗೆ ಹೊರಡಲು ತಯಾರಾಗಿರುವ ದೇವರು ನನಗೆ ಆ ಸಾಲಿನಲ್ಲಿ ಕಾಣುತ್ತಾನೆ. ಅದಕ್ಕಾಗಿಯೇ ಆ ಅಧ್ಯಾಯವನ್ನು ಮತ್ತೆ ಮತ್ತೆ ಓದುತ್ತೇನೆ.

ಆದರೂ ಮಂಜೂಷ ಇದ್ದ ಗುಡಾರದ ಒಳಕೋಣೆಗೆ ಒಂದು ಪರದೆ ಅಡ್ಡ ಇತ್ತು. ಅದನ್ನು ದಾಟುವವನು ಮಹಾಯಾಜಕ ಒಬ್ಬನೇ, ಅದೂ ವರ್ಷಕ್ಕೆ ಒಂದು ದಿನ. ಗುಡಾರದ ನಂತರ ಸೊಲೊಮೋನ ಯೆರೂಸಲೇಮಿನಲ್ಲಿ ದೇವಾಲಯ ಕಟ್ಟಿಸಿದ. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನವರು ಅದನ್ನು ಸುಟ್ಟು ಜನರನ್ನು ಸೆರೆ ಒಯ್ದರು. ದೇವರ ಮನೆಯೇ ಹೋಯಿತಲ್ಲ ಅನ್ನುವ ಸಂಕಟ ತಿಳಿದರೆ ಪ್ರವಾದಿಗಳ ಪುಸ್ತಕಗಳು ಅಷ್ಟು ಕಷ್ಟ ಅನ್ನಿಸುವುದಿಲ್ಲ.

ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಯೋಹಾನನು ಯೇಸುವಿನ ಬಗ್ಗೆ ಹೇಳುತ್ತಾ ಆತ ನಮ್ಮ ನಡುವೆ ವಾಸಮಾಡಿದ ಅನ್ನುತ್ತಾನೆ. ಮೂಲ ಗ್ರೀಕ್ ಮಾತಿಗೆ "ಗುಡಾರ ಹಾಕಿದ" ಅಂತಲೇ ಅರ್ಥ. ಮರಳುಗಾಡಿನ ಆ ಗುಡಾರ ಗೊತ್ತಿದ್ದವರಿಗೆ ಈ ಮಾತು ಜಾಸ್ತಿ ತಟ್ಟುತ್ತದೆ, ಅಲ್ವಾ? ಯೇಸು ಶಿಲುಬೆಯಲ್ಲಿ ಪ್ರಾಣ ಬಿಟ್ಟಾಗ, ಸೆರೆಯ ನಂತರ ಮತ್ತೆ ಕಟ್ಟಿದ್ದ ದೇವಾಲಯದ ಪರದೆ ಮೇಲಿನಿಂದ ಕೆಳಗಿನ ತನಕ ಹರಿಯಿತು ಅಂತ ಮಾರ್ಕನು ಬರೆದಿದ್ದಾನೆ.

ಕೊನೆಯ ಪುಸ್ತಕ ಪ್ರಕಟನೆಯಲ್ಲಿ ಮತ್ತೆ ಅಳತೆ ಬರುತ್ತದೆ. ಸ್ವರ್ಗದಿಂದ ಇಳಿದುಬರುವ ಪಟ್ಟಣ ಹೊಸ ಯೆರೂಸಲೇಮಿನ ಉದ್ದ, ಅಗಲ, ಎತ್ತರ ಮೂರೂ ಸಮ. ಸೊಲೊಮೋನನ ದೇವಾಲಯದ ಒಳಕೋಣೆಯೂ ಹಾಗೇ ಇತ್ತು, ಎತ್ತ ಅಳೆದರೂ 20 ಮೊಳ. ಈಗ ಇಡೀ ಪಟ್ಟಣವೇ ಆ ಒಳಕೋಣೆ. ಅಲ್ಲಿ ಬೇರೆ ದೇವಾಲಯ ಇಲ್ಲ. ಬಾಗಿಲುಗಳನ್ನು ಮುಚ್ಚುವುದೂ ಇಲ್ಲ.